ರೌಧಾ ಬರೆದ ಚಿತ್ರದ ಅಧ್ಯಾಯ

ರೌಧಾ ಎಲ್ಲೂಜ್‌ಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಸ್ಫಾಕ್ಸ್‌ನ ನಮ್ಮ ಕಚೇರಿಯಲ್ಲಿ ಆರು ವರ್ಷ ಆಕೆಯ ಪಕ್ಕದ ಮೇಜಿನಲ್ಲಿ ಕೂತವನು ನಾನು. ಆಕೆ ಪಿಸುಗುಟ್ಟತೊಡಗಿದಳೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

ನಮ್ಮ ಕಂಪನಿ ‘ಸತರ್’ ಎಂಬ ಎಡಿಟರ್ ತಯಾರಿಸುತ್ತಿತ್ತು. ಕಂಪ್ಯೂಟರಿನಲ್ಲಿ ಬರೆಯಲು, ಬರೆದದ್ದನ್ನು ತಿದ್ದಲು ಬಳಸುವ ತಂತ್ರಾಂಶ ಅದು. ಅದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ಕೈಪಿಡಿ ಬರೆಯುವುದು ರೌಧಾಳ ಕೆಲಸ.

ಆಕೆಯ ಅಪ್ಪ ಹಳೇ ಊರಿನ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಹತ್ತು ವರ್ಷಕ್ಕೇ ಆಕೆ ಅಕ್ಷರಗಳನ್ನು ತಲೆಕೆಳಗಾಗಿ ಓದುತ್ತಿದ್ದಳಂತೆ. ಆದರೆ ಆಕೆಯನ್ನು ಈ ಕೆಲಸಕ್ಕೆ ತಂದದ್ದು ಅಪ್ಪನಲ್ಲ, ಅಮ್ಮ. ಅಮ್ಮನಿಗೆ ಸಕ್ಕರೆ ಕಾಯಿಲೆ. ರಕ್ತ ಅಳೆಯುವ ಯಂತ್ರದ ಪುಸ್ತಕದಲ್ಲಿ ಅಳತೆಯ ಮಾನ ಬದಲಿಸುವುದು ಹೇಗೆ ಎಂಬ ಒಂದು ಸಾಲು ಬಿಟ್ಟುಹೋಗಿತ್ತು. ಯಂತ್ರ ತೋರಿಸಿದ ಅಂಕಿಯನ್ನು ತಪ್ಪಾಗಿ ತಿಳಿದ ಅಮ್ಮ ಎರಡು ದಿನ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಬದುಕಿದಳು, ನಿಜ. ಆದರೆ ಒಂದು ಸಾಲನ್ನು ಬಿಡುವವರ ಮೇಲಿನ ರೌಧಾಳ ಸಿಟ್ಟು ಅಂದಿನಿಂದ ಆರಲಿಲ್ಲ. ತಾನು ಬರೆದ ಪ್ರತಿ ಪುಟವನ್ನೂ ಕಚೇರಿ ಗುಡಿಸುವ ಫೌಜಿಯಾಗೆ ಓದಿಹೇಳಿ, ಅವಳ ಕೈಯಲ್ಲಿ ಮಾಡಿಸಿ ನೋಡುತ್ತಿದ್ದಳು. ಫೌಜಿಯಾ ತಡವರಿಸಿದರೆ ಪುಟ ಕಸದ ಬುಟ್ಟಿಗೆ.

ಸತರ್‌ನಲ್ಲಿ ಚಿತ್ರಗಳನ್ನೂ ತೆರೆಯಬಹುದಿತ್ತು. ಒಂದು ಕಡತ ಯಾವ ಬಗೆಯ ಚಿತ್ರ ಎಂಬುದನ್ನು ತಿಳಿಯಲು ಎರಡು ದಾರಿ. ಕಡತದ ಹೆಸರಿನ ಬಾಲ, ಅಂದರೆ ಚುಕ್ಕಿಯ ನಂತರದ ಅಕ್ಷರಗಳನ್ನು, ನೋಡುವುದು ಒಂದು, ಕಡತದೊಳಗಿನ ಮೊದಲ ಕೆಲವು ಅಕ್ಷರಗಳನ್ನು ನೋಡುವುದು ಇನ್ನೊಂದು. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು, ಒಳಗಿನದು ಹಾಗೆ ಬದಲಾಗುವುದಿಲ್ಲ. ಮೊದಲೆಲ್ಲ ಸತರ್ ಒಳಗನ್ನೇ ನೋಡುತ್ತಿತ್ತು. ವೇಗ ಹೆಚ್ಚಲಿ ಎಂದು ಹೊಸ ಆವೃತ್ತಿಯಲ್ಲಿ ಹೆಸರನ್ನು ಮಾತ್ರ ನಂಬುವಂತೆ ಮಾಡಿದರು. ಹೆಸರು ಸುಳ್ಳಾದರೆ ಚಿತ್ರದ ಬದಲು ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳ ರಾಶಿ ಬೀಳುತ್ತಿತ್ತು.

ರೌಧಾ ಮೂರು ವಾರ ಕೂತು ಇದನ್ನೆಲ್ಲ ಪರೀಕ್ಷಿಸಿದಳು. ನೂರಾರು ಕಡತಗಳಿಗೆ ಬೇಕೆಂದೇ ತಪ್ಪು ಹೆಸರಿಟ್ಟು ತೆರೆದಳು. ಹೆಸರನ್ನು ಬಿಟ್ಟು ಒಳಗನ್ನು ನೋಡುವಂತೆ ಮಾಡುವ ಆಯ್ಕೆ ಎಲ್ಲಿದೆ, ದೊಡ್ಡ ಚಿತ್ರವನ್ನು ಕಿಟಕಿಯ ಅಗಲಕ್ಕೆ ಕುಗ್ಗಿಸುವುದು ಹೇಗೆ, ಅಡ್ಡ ಬಿದ್ದದ್ದನ್ನು ತಿರುಗಿಸುವುದು ಹೇಗೆ, ಎಲ್ಲವನ್ನೂ ಹನ್ನೊಂದು ಪುಟಗಳಲ್ಲಿ ಬರೆದಳು. ಫೌಜಿಯಾ ಎಲ್ಲೂ ತಡವರಿಸಲಿಲ್ಲ.

ನಮ್ಮ ಮೇಲಧಿಕಾರಿ ಹಾತಿಮ್ ಕಲ್ಲಾಲ್ ಆ ಹನ್ನೊಂದು ಪುಟ ಕಿತ್ತುಹಾಕಿ ಒಂದು ಸಾಲು ಉಳಿಸಿದ: ‘ಚಿತ್ರಗಳು ತಾವಾಗಿಯೇ ಕಾಣಿಸುತ್ತವೆ.’

“ಇದು ಸುಳ್ಳು,” ಎಂದಳು ರೌಧಾ ಮೆಲ್ಲಗೆ.

“ಮೇಡಂ, ಕೈಪಿಡಿ ಯಾರೂ ಓದಲ್ಲ. ಇಷ್ಟು ದಪ್ಪ ಇದ್ರೆ ಕಷ್ಟದ ತಂತ್ರಾಂಶ ಅಂದ್ಕೊಂಡು ಕೊಳ್ಳೋರೇ ಓಡಿಹೋಗ್ತಾರೆ.”

“ಓದಲ್ಲ ಅಂತ ಸುಳ್ಳು ಬರೀಬಹುದಾ?”

ಹಾತಿಮ್ ನಕ್ಕು ಎದ್ದುಹೋದ. ಕೈಪಿಡಿ ಅಚ್ಚಾಯಿತು. ಮೊದಲ ಪುಟದಲ್ಲಿ, ‘ಬರೆದವರು: ರೌಧಾ ಎಲ್ಲೂಜ್.’

ನಾಲ್ಕು ತಿಂಗಳ ಬಳಿಕ, ಸೆಪ್ಟೆಂಬರಿನ ಮೊದಲ ವಾರ, ಕೆರ್ಕೆನ್ನಾ ದ್ವೀಪದಿಂದ ಮಬ್ರೂಕಾ ಎಂಬ ಹೆಂಗಸು ಬೆಳಗಿನ ದೋಣಿ ಹಿಡಿದು ನಮ್ಮ ಕಚೇರಿಗೆ ಬಂದಳು. ಅರವತ್ತು ದಾಟಿದ ವಿಧವೆ. ದ್ವೀಪದವರಿಗೆ ಕಡಲಿನಲ್ಲಿಯೂ ಹೊಲದ ಹಾಗೆ ಪಾಲು ಉಂಟು. ತಮ್ಮ ಪಾಲಿನ ನೀರಿನಲ್ಲಿ ಖರ್ಜೂರದ ಗರಿ ನೆಟ್ಟು ಬೇಲಿ ಕಟ್ಟಿ ಮೀನು ಹಿಡಿಯುತ್ತಾರೆ. ಮಬ್ರೂಕಾಗೆ ಅಜ್ಜನಿಂದ ಬಂದ ಪಾಲು ಆಕೆಯ ಗಂಡನದಾಗಿತ್ತು, ಈಗ ತಮ್ಮದು ಎಂದು ಗಂಡನ ಅಣ್ಣನ ಮಕ್ಕಳು ತಕರಾರು ಎತ್ತಿದ್ದರು. ಆಕೆಯ ಅಜ್ಜನ ಕಾಲದ ನಕ್ಷೆಯನ್ನು ಸ್ಫಾಕ್ಸ್‌ನ ದಾಖಲೆ ಕಚೇರಿಯೊಂದು ಸ್ಕ್ಯಾನ್ ಮಾಡಿ ಇಟ್ಟಿತ್ತು. ಮೂಲ ಕಾಗದ ಆಮೇಲೆ ತೇವ ಹಿಡಿದು ಪುಡಿಯಾಗಿತ್ತು. ಈಗ ಆ ಕಚೇರಿಯವರು ಕೊಟ್ಟ ಕಾಗದದಲ್ಲಿ, ‘ಕಡತ ಕೆಟ್ಟಿದೆ, ದಾಖಲೆ ಇಲ್ಲ’ ಎಂದಿತ್ತು. ನಾವು ಬಳಸುವುದು ಸತರ್, ಅದನ್ನು ಮಾಡಿದವರನ್ನೇ ಕೇಳಿ ಎಂದು ಅಲ್ಲಿನ ಗುಮಾಸ್ತ ಆಕೆಯನ್ನು ಇಲ್ಲಿಗೆ ಅಟ್ಟಿದ್ದ.

ಹಾತಿಮ್ ಬಾಗಿಲಲ್ಲೇ ನಿಂತು, ತಮ್ಮ ತಂತ್ರಾಂಶದಲ್ಲಿ ಏನೂ ದೋಷವಿಲ್ಲ, ಅವರ ಕಡತ ಕೆಟ್ಟರೆ ತಾವೇನು ಮಾಡಲಾದೀತು ಎಂದ.

“ನೆಡೋ ಕಾಲ ಬಂತಪ್ಪಾ,” ಎಂದಳು ಮಬ್ರೂಕಾ. “ಇನ್ನು ಹದಿನೈದು ದಿನದಲ್ಲಿ ನಾನು ಗರಿ ನೆಡದಿದ್ರೆ ಅವರು ನೆಡ್ತಾರೆ. ಒಂದ್ಸಲ ನೆಟ್ರೆ ಕೀಳೋರು ಯಾರು?”

ರೌಧಾ ಕೈಚೀಲ ಹೆಗಲಿಗೇರಿಸಿದಳು. “ಮುನ್ಸಿಫ್, ಏಳು,” ಎಂದು ನನ್ನ ಹೆಸರು ಹಿಡಿದು ಪಿಸುಗುಟ್ಟಿದಳು. ನಾವು ಮೂವರೂ ಟ್ಯಾಕ್ಸಿ ಹಿಡಿದು ದಾಖಲೆ ಕಚೇರಿಗೆ ಹೋದೆವು.

ಗುಮಾಸ್ತ ಶಾಝ್ಲಿ ಕೆಟ್ಟವನಲ್ಲ, ಸುಸ್ತಾದವನು. ಮಬ್ರೂಕಾಳ ಕಡತ ತೆರೆದು ತೋರಿಸಿದ. ಪರದೆಯ ತುಂಬ ಅಕ್ಷರಗಳ ಕಸ. ರೌಧಾ ಕನ್ನಡಕ ಏರಿಸಿ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಆ ಕಸದ ನಡುವೆ ಪಿ, ಎನ್, ಜಿ ಎಂಬ ಮೂರು ಲ್ಯಾಟಿನ್ ಅಕ್ಷರಗಳು ಸ್ಪಷ್ಟವಾಗಿದ್ದವು. ಕಡತದ ಹೆಸರಿನ ಬಾಲ ಮಾತ್ರ ಜೆಪಿಜಿ. ಸ್ಕ್ಯಾನ್ ಮಾಡಿದವರು ಒಂದು ಬಗೆಯ ಚಿತ್ರಕ್ಕೆ ಇನ್ನೊಂದು ಬಗೆಯ ಹೆಸರು ಹಚ್ಚಿದ್ದರು.

“ಕಡತ ಕೆಟ್ಟಿಲ್ಲ,” ಎಂದಳು. ಆಯ್ಕೆಗಳ ಪಟ್ಟಿ ತೆರೆದು, ಹೆಸರನ್ನು ಬಿಟ್ಟು ಒಳಗನ್ನು ನೋಡು ಎಂಬಲ್ಲಿ ಗುರುತು ಹಾಕಿ ಮತ್ತೆ ತೆರೆದಳು. ಕಸ ಮಾಯವಾಗಿ ಹಳದಿ ಕಾಗದದ ಒಂದು ಮೂಲೆ ಬಂತು. ಖಾಲಿ ಮೂಲೆ.

ಇದರಲ್ಲಿ ಏನೂ ಇಲ್ಲವಲ್ಲ ಎಂದ ಶಾಝ್ಲಿ. ರೌಧಾ ಚಿತ್ರವನ್ನು ಕಿಟಕಿಯ ಅಗಲಕ್ಕೆ ಕುಗ್ಗಿಸಿದಳು. ಇಡೀ ಹಾಳೆ ಕಾಣಿಸಿತು, ಅಡ್ಡ ಬಿದ್ದಿತ್ತು. ತಿರುಗಿಸಿದಳು. ಮಸಿಯಲ್ಲಿ ಎಳೆದ ದಂಡೆ, ನೀರಿನಲ್ಲಿ ಗೆರೆ ಕೊರೆದ ಪಾಲುಗಳು, ಒಂದೊಂದರೊಳಗೂ ಒಂದೊಂದು ಹೆಸರು.

ಮಬ್ರೂಕಾಗೆ ಓದಲು ಬರುತ್ತಿರಲಿಲ್ಲ. ಆದರೂ ಪರದೆಯ ಹತ್ತಿರ ಬಂದು ಒಂದು ಪಾಲನ್ನು ಮುಟ್ಟಿ, “ಇದು ಅಜ್ಜಂದು. ಇಲ್ಲಿ ನೀರು ಸುತ್ತುತ್ತೆ, ಮೀನು ಇಲ್ಲೇ ನಿಲ್ಲುತ್ತೆ,” ಎಂದಳು. ಶಾಝ್ಲಿ ಆ ಪಾಲಿನಲ್ಲಿದ್ದ ಹೆಸರು ಓದಿದ. ಆಕೆಯ ಅಜ್ಜನದೇ.

ಇಂಥವು ಎಷ್ಟಿವೆ ಎಂದು ರೌಧಾ ಕೇಳಿದಳು. ಕೆಟ್ಟಿವೆ ಎಂದು ಮುದ್ರೆ ಒತ್ತಿದ ಕಡತಗಳು ಅರವತ್ತಮೂರು ಎಂದ ಆತ. ಆಮೇಲೆ ಡ್ರಾಯರಿನಿಂದ ನಮ್ಮ ಕೈಪಿಡಿ ತೆಗೆದು ಆಕೆಯ ಮುಂದಿಟ್ಟ.

“ನಾನು ನೋಡಿದ್ದೆ ಮೇಡಂ. ಚಿತ್ರ ಕಾಣದಿದ್ದಾಗ ಮೊದಲು ಇದನ್ನೇ ತೆಗೆದು ನೋಡಿದ್ದು. ತಾವಾಗಿಯೇ ಕಾಣಿಸುತ್ತವೆ ಅಂತ ಬರೆದಿತ್ತು. ಕಾಣಿಸಲಿಲ್ಲ. ಸರಿ, ಕೆಟ್ಟಿದೆ ಅಂತ ಬರೆದೆ. ಇದನ್ನ ಬರೆದ ಈ ರೌಧಾ ಎಲ್ಲೂಜ್ ಅನ್ನೋಳು ಕೈಗೆ ಸಿಕ್ಕಿದ್ರೆ ಕೇಳ್ತಿದ್ದೆ, ನಿಂಗೇನು ಬುದ್ಧಿ ಇದೆಯಾ ಅಂತ.”

ರೌಧಾ ಕೈಪಿಡಿಯನ್ನು ತನ್ನತ್ತ ಎಳೆದುಕೊಂಡಳು. “ಕೇಳು. ನಾನೇ,” ಎಂದಳು.

ಆತ ತಬ್ಬಿಬ್ಬಾದ. ಅದು ತಾನು ಬರೆದ ಸಾಲಲ್ಲ ಎಂದು ಆಕೆ ಹೇಳಲಿಲ್ಲ. ನಾನು ಹೇಳಹೋದಾಗ ಕೈಯೆತ್ತಿ ತಡೆದಳು. ಅರವತ್ತಮೂರು ಕಡತಗಳ ಹೆಸರು, ಊರು ಎಲ್ಲವನ್ನೂ ಬರೆದುಕೊಂಡಳು.

ಕಚೇರಿಗೆ ಮರಳಿದವಳೇ ನೇರ ಹಾತಿಮ್‌ನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಕೇಳಿಸುತ್ತಿತ್ತು.

“ಆ ಅಧ್ಯಾಯ ಇವತ್ತೇ ಹೋಗ್ಬೇಕು. ಕೈಪಿಡಿ ತಗೊಂಡ ಎಲ್ಲರಿಗೂ, ತಪ್ಪಾಗಿತ್ತು ಅಂತ ಕಾಗದದ ಸಮೇತ.”

ತಪ್ಪಾಗಿದೆ ಎಂದು ಬರೆದು ಕೊಟ್ಟರೆ ಕಂಪನಿಯ ಹೆಸರು ಹಾಳಾಗುತ್ತದೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದ ಹಾತಿಮ್.

“ನಿನ್ನ ಹೆಸರು ಹಾಳಾಗುತ್ತೆ ಅಂತ ಹೆದರ್ತೀಯ. ನೀನು ಬರೆದ ಸುಳ್ಳಿನ ಕೆಳಗೆ ನನ್ನ ಹೆಸರು ಹಾಕಿದೆಯಲ್ಲ, ಅದಕ್ಕೆ ಏನು ಹೇಳ್ತೀಯ?”

“ಒಂದು ಸಾಲಿಗೆ ಇಷ್ಟು ರಾದ್ಧಾಂತ ಯಾಕೆ ಮೇಡಂ?”

“ಒಂದು ಸಾಲಿಗೇ. ಅರವತ್ತಮೂರು ಮನೆಯವರಿಗೆ ನಿಮ್ಮ ಹತ್ರ ಕಾಗದ ಇಲ್ಲ ಅಂತ ಹೇಳಿದ್ದು ಆ ಸಾಲು. ನಾನೂ ಅಲ್ಲ, ಆ ಗುಮಾಸ್ತನೂ ಅಲ್ಲ.”

ಹಾತಿಮ್ ದನಿ ಏರಿಸಿದ, ಕೆಲಸ ಬಿಟ್ಟು ಹೋಗುವವರನ್ನು ತಡೆಯುವುದಿಲ್ಲ ಎಂದ. ರೌಧಾ ತನ್ನ ಮೇಜಿಗೆ ಬಂದು ಹನ್ನೊಂದು ಪುಟಗಳನ್ನು ಮುದ್ರಿಸಿಕೊಂಡು, ಫೌಜಿಯಾಗೆ ಹೇಳಿ ಹೊರಟುಬಿಟ್ಟಳು. ನಾನು ಹಿಂದೆ ಹೋಗಲಿಲ್ಲ. ಆ ದಿನ ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅದಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮಬ್ರೂಕಾಳ ನಕ್ಷೆಯ ದೃಢೀಕೃತ ಪ್ರತಿ ಹೊರಬರಲು ಮೂರು ಸಹಿ ಬೇಕಿತ್ತು. ಸಹಿ ಆಗುವಷ್ಟರಲ್ಲಿ ಗಂಡನ ಅಣ್ಣನ ಮಕ್ಕಳು ಗರಿ ನೆಟ್ಟಿದ್ದರು. ಆಕೆ ಕಾಗದ ಹಿಡಿದು ಪೊಲೀಸರನ್ನು ಕರೆತಂದು, ಸೊಂಟದ ಮಟ್ಟದ ನೀರಿಗಿಳಿದು ಮೊದಲ ಗರಿ ತಾನೇ ಕಿತ್ತಳಂತೆ. ಉಳಿದವನ್ನು ನೆಟ್ಟವರೇ ಕೀಳಬೇಕಾಯಿತು. ಆ ವರ್ಷ ಆಕೆಗೆ ಅರ್ಧ ಹಂಗಾಮು ಮಾತ್ರ ಸಿಕ್ಕಿತು.

ರೌಧಾ ಆ ಚಳಿಗಾಲವಿಡೀ ಪಟ್ಟಿ ಹಿಡಿದು ಬಸ್ಸು, ದೋಣಿ ಹತ್ತಿಳಿದಳು. ಒಂದೊಂದು ಮನೆಯ ಬಾಗಿಲು ತಟ್ಟಿ, ನಿಮ್ಮ ಕಡತ ಕೆಟ್ಟಿಲ್ಲ, ಹೋಗಿ ಕೇಳಿ ಎಂದಳು. ಸುದ್ದಿ ಹಬ್ಬಿ ಬೇರೆ ಊರಿನ ಗುಮಾಸ್ತರೂ ಆ ಹನ್ನೊಂದು ಪುಟಗಳ ನೆರಳಚ್ಚು ತರಿಸಿಕೊಂಡರು. ಬೇಸಿಗೆಯ ಹೊತ್ತಿಗೆ ಹಾತಿಮ್ ಸದ್ದಿಲ್ಲದೆ ಆ ಅಧ್ಯಾಯವನ್ನು ಕೈಪಿಡಿಗೆ ಸೇರಿಸಿದ. ತಪ್ಪಾಗಿತ್ತು ಎಂಬ ಮಾತು ಎಲ್ಲಿಯೂ ಇರಲಿಲ್ಲ, ರೌಧಾಳ ಹೆಸರೂ ಇರಲಿಲ್ಲ. ನಾನು ಪ್ರತಿ ಒಯ್ದು ಕೊಟ್ಟಾಗ ಆಕೆ ತನ್ನ ಹೆಸರನ್ನು ಹುಡುಕಲೂ ಇಲ್ಲ. ಪುಟ ತಿರುವಿ, ಚಿತ್ರ ತಿರುಗಿಸುವ ಭಾಗದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದ್ದನ್ನು ಕಂಡು ಪುಸ್ತಕ ಮುಚ್ಚಿದಳು.

ಪಟ್ಟಿಯಲ್ಲಿ ಐವತ್ತೆಂಟು ಮನೆಯವರು ಸಿಕ್ಕಿದರು, ನಾಲ್ವರು ಸಿಗಲಿಲ್ಲ. ಇನ್ನೊಬ್ಬ, ದ್ವೀಪದ ಮೆಲ್ಲಿತಾ ಹಳ್ಳಿಯ ಮುದುಕ, ದಾಖಲೆ ಇಲ್ಲವೆಂದ ಮೇಲೆ ತನ್ನ ಪಾಲು ಬಿಟ್ಟುಕೊಟ್ಟು ಆ ದುಃಖದಲ್ಲೇ ತೀರಿಕೊಂಡಿದ್ದ. ಆತನ ಮಗಳು ರೌಧಾಗೆ ಚಹಾ ಕೊಟ್ಟು ಕೂರಿಸಿ, ಈಗ ಬಂದು ಹೇಳಿ ಏನು ಪ್ರಯೋಜನ ಎಂದು ಕೇಳಿದಳಂತೆ. ಇದನ್ನು ನನಗೆ ಹೇಳುವಾಗ ರೌಧಾಳ ದನಿ ಎಷ್ಟು ಇಳಿದಿತ್ತೆಂದರೆ ನಾನು ಬಾಗಿ ಕೇಳಬೇಕಾಯಿತು.