ಮಾಮಿಯ ಬೆರಳಗೆಣ್ಣಿನ ಸದ್ದು

ಮಾಮಿಯ ಬಲಗೈ ನಡುಬೆರಳಿನ ಗೆಣ್ಣು ಕಪ್ಪಾಗಿ ಗಟ್ಟಿಯಾಗಿತ್ತು. ನನ್ನ ಇಂಗ್ಲಿಷ್ ವಾಕ್ಯ ದಾರಿ ತಪ್ಪಿತೆಂದರೆ ಆ ಗೆಣ್ಣು ಊಟದ ಮೇಜಿನ ಮೇಲೆ ಟೊಕ್ ಎನ್ನುತ್ತಿತ್ತು. ತಪ್ಪು ಯಾವುದೆಂದು ಮಾತ್ರ ಹೇಳುತ್ತಿರಲಿಲ್ಲ. "ಒಡೆದಲ್ಲಿ ಗೋಂದು ಹಚ್ಬೇಡ. ಮೊದಲಿಂದ ಹೇಳು."

ಚೆನ್ನೈನಲ್ಲಿ ಅವರು ನಮ್ಮ ಎದುರು ಮನೆಯವರು, ತಮಿಳು ಬೆರೆಸಿ ಕನ್ನಡ ಆಡುವವರು. ರೈಲ್ವೆ ಕಚೇರಿಯಲ್ಲಿ ಇಂಗ್ಲಿಷ್ ಕಾಗದಗಳನ್ನು ತಿದ್ದಿ ತಿದ್ದಿಯೇ ನಿವೃತ್ತರಾದವರು, ಒಂಟಿ. ನಾನು ಮಂಡ್ಯದಿಂದ ಮದುವೆಯಾಗಿ ಹೋದವಳು. ತೊಂಬತ್ತರ ದಶಕದ ಕೊನೆಗೆ ಗಿಂಡಿಯ ಕಾರ್ಖಾನೆ ಮುಚ್ಚಿ ಗಂಡ ಮನೆಯಲ್ಲಿ ಕೂತಾಗ ನನಗೊಂದು ಕೆಲಸ ಬೇಕಾಯಿತು, ಅದಕ್ಕೆ ಇಂಗ್ಲಿಷ್ ಬೇಕಾಯಿತು. ದಿನಾ ಮಧ್ಯಾಹ್ನ ಮಾಮಿಯೆದುರು ಕೂತು ಅಂದು ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನಾನೋ ಪೀಠಿಕೆ, ನೆಪ, ಸಂಕೋಚ ಎಲ್ಲ ಮುಗಿದ ಮೇಲೆ ವಿಷಯಕ್ಕೆ ಬರುವವಳು.

"ಇಲ್ಲೇ ಇರೋ ಪ್ಯಾರೀಸ್ ಕಾರ್ನರಿಗೆ ಹೋಗಕ್ಕೆ ಗಿಂಡಿ ಸುತ್ತಿ ಬರ್ತೀಯಲ್ಲೇ! ಯಾರು? ಏನಾಯ್ತು? ಮೊದ್ಲು ಅದನ್ನ ಸೊಲ್ಲು. ಅಪ್ಪುರಂ ಮಿಕ್ಕಿದ್ದೆಲ್ಲ."

"ಒರಟಾಗಿ ಕೇಳ್ಸಲ್ವಾ ಮಾಮಿ?"

"ಕೇಳ್ಸ್ಲಿ. ಅರ್ಥ ಆಗತ್ತಲ್ಲ?"

ನನಗೆ ಕೆಲಸ ಸಿಕ್ಕಿತು. ಬೈದು ಬೈದೇ ನಮ್ಮ ಸಂಸಾರವನ್ನು ದಡ ಹತ್ತಿಸಿದ ಪುಣ್ಯಾತ್ಗಿತ್ತಿ.

ಕೆಲವು ವರ್ಷಗಳಲ್ಲಿ ಅವರ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ ಆಗಿ ದನಿ ಹೋಯಿತು. ಗಡ್ಡೆ ಮತ್ತೆ ಬೆಳೆಯಿತು. ನನಗಿನ್ನೆಷ್ಟು ದಿನ ಎಂದು ಮಾಮಿ ಬರೆದುಕೊಟ್ಟ ಚೀಟಿಯನ್ನು ಡಾಕ್ಟರು ಓದಿ, ಮಡಚಿಟ್ಟು, "ಪೇಷಂಟಿಗೆ ಧೈರ್ಯ ಹೇಳಿ" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಮಾಮಿ ನನ್ನ ಮೊಣಕೈ ತಿವಿದರು, ನೀನು ಕೇಳು ಎಂದು.

ಈಗಿನ ಪರಿಸ್ಥಿತಿಯಲ್ಲಿ, ಮುಂದಿನ ಚಿಕಿತ್ಸೆಯ ಬಗ್ಗೆ, ತಾವು ದಯವಿಟ್ಟು ಎಂದೆಲ್ಲ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಡಾಕ್ಟರ ಮೇಜಿನ ಮೇಲೆ ಟೊಕ್. ಮೊದಲಿಂದ ಶುರು ಮಾಡಿದೆ. ಮತ್ತೆ ಟೊಕ್. ಅಷ್ಟು ವರ್ಷಗಳಲ್ಲಿ ನನ್ನ ಇಂಗ್ಲಿಷ್ ಪಳಗಿತ್ತು, ವಾಕ್ಯದಲ್ಲಿ ತಪ್ಪಿರಲಿಲ್ಲ. ಮಾಮಿಯ ಮೇಲೆ ಸಿಟ್ಟೇ ಬಂತು ನನಗೆ.

"ಇವರು ಸಾಯುತ್ತಾರಾ?" ಎಂದು ಕೇಳಿಬಿಟ್ಟೆ.

ಮೇಜಿನ ಮೇಲೆ ಸದ್ದಾಗಲಿಲ್ಲ. ಡಾಕ್ಟರು ಅವರ ಕಡೆಗೇ ತಿರುಗಿ, "ಹೌದಮ್ಮಾ, ಕೆಲವೇ ವಾರ" ಎಂದರು. ಮಾಮಿ ಸೆರಗು ಸರಿಮಾಡಿಕೊಂಡು ಎದ್ದರು.

ಮತ್ತೆ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಮನೆಯಲ್ಲೇ, ಆ ಊಟದ ಮೇಜಿನ ಪಕ್ಕ ಹಾಕಿದ್ದ ಮಂಚದಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಅವರ ತಮ್ಮನಿಗೆ ನಾನೇ ಫೋನ್ ಮಾಡಿದೆ. ಹೇಗಿದ್ದೀರಿ, ತಿಂಡಿ ಆಯಿತೇ ಎಂದು ನಾಲಿಗೆಗೆ ಬಂದದ್ದನ್ನು ನುಂಗಿಕೊಂಡು, ಮೊದಲು ಯಾರು, ಏನಾಯಿತು ಎಂದು ಹೇಳಿದೆ. ಅಳು ಆಮೇಲೆ ಬಂತು.