ಸೋಫಾ ಸೀಳಿದ ಭಾನುವಾರ

ಮಧುಗಿರಿಯ ಫರ್ನಿಚರ್ ಅಂಗಡಿಯೊಂದರಲ್ಲಿ ನಾನು ಹತ್ತು ವರ್ಷ ಸೋಫಾ ಮಾರಿದ್ದೇನೆ. ನನ್ನ ಮನೆಯಲ್ಲೂ ಆ ಅಂಗಡಿಯ ಅತಿ ದೊಡ್ಡ ಸೋಫಾವೇ ಇತ್ತು. ಒಂದು ಶನಿವಾರ ಮಿಡಿಗೇಶಿಯಿಂದ ಬಂದ ಹಿರಿಯರೊಬ್ಬರಿಗೆ, "ಇದಿದ್ರೇನೇ ಮನೆಗೊಂದು ಲಕ್ಷಣ ಯಜಮಾನ್ರೆ, ನಮ್ಮನೇಲೂ ಇದೇ ಐತೆ" ಅಂದೆ.

ಅವರು ಮೆತ್ತೆಯನ್ನು ಒತ್ತಿ ನೋಡುತ್ತಾ, "ಹೌದೇನಪ್ಪ? ಅದ್ರ ಮ್ಯಾಲೆ ಯಾರ್ ಬಂದು ಕೂತ್ಕಂತಾರೆ?" ಎಂದು ಕೇಳಿದರು.

ಅವರು ಸುಮ್ಮನೆ ಕೇಳಿದ್ದು. ಆದರೆ ನನಗೆ ಒಬ್ಬರ ಮುಖವೂ ನೆನಪಾಗಲಿಲ್ಲ. ಇದ್ದ ಗೆಳೆಯರನ್ನೆಲ್ಲ ನಾನು ಗಿರಾಕಿಗಳಂತೆ ಕಂಡಿದ್ದೆ, ಒಬ್ಬೊಬ್ಬರಾಗಿ ದೂರವಾಗಿದ್ದರು.

ಮರುದಿನ ಬೆಳಿಗ್ಗೆ ಸೋಫಾವನ್ನು ಅಂಗಳಕ್ಕೆ ಎಳೆದು, ಅಂಗಡಿಯಲ್ಲಿ ರಟ್ಟು ಕುಯ್ಯುವ ಚಾಕುವಿನಿಂದ ಸೀಳಿದೆ. ಸ್ಪಂಜಿನ ಚೂರುಗಳು ಬೀದಿಗೆ ಚೆಲ್ಲಿದವು. ಎದುರುಮನೆಯವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಎಷ್ಟೋ ವರ್ಷಗಳ ಮೇಲೆ ನನ್ನ ಕೈಗೆ ಬಲ ಬಂದಂತಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಗಿತ್ತು.

ಹೆಂಡತಿ ಹೊಸ್ತಿಲಲ್ಲಿ ನಿಂತು, "ಏನಾಗೈತೆ ನಿಮ್ಗೆ?" ಎಂದಳು.

"ಮಾತಾಡಕ್ಕೆ ನಂಗೆ ಒಬ್ರೂ ಇಲ್ಲ. ಯಾರಿಗ್ ಬೇಕು ಇದು?"

"ಅಂಗಾದ್ರೆ ಇಷ್ಟು ವರ್ಷ ಅದ್ರ ಮ್ಯಾಲೆ ನಿಮ್ ಪಕ್ಕ ಕೂತಿದ್ದೋಳು ಯಾರು?"

ನಾನು ಚಾಕು ಕೆಳಗಿಟ್ಟೆ. ಅವಳೇ ಪೊರಕೆ ತಂದು ಬೀದಿ ಗುಡಿಸಿದಳು. ಮಧ್ಯಾಹ್ನ ಚಾಪೆಯ ಮೇಲೆ ಎದುರುಬದುರು ಕೂತು ಉಂಡೆವು. ಆಡಲು ಒಂದು ಮಾತೂ ಸಿಗಲಿಲ್ಲ. ಸೋಮವಾರ ನಾನು ಟೈ ಕಟ್ಟಿಕೊಂಡು ಅಂಗಡಿಗೆ ಹೋಗಿ, ಊಟದ ಹೊತ್ತಿಗೆ ಎರಡು ಸೋಫಾ ಮಾರಿದೆ.