ರುಚಿ ನೋಡಿದ್ದಕ್ಕೆ

ಕಳೆದ ಸೋಮವಾರ ದೇವದುರ್ಗ ತಾಲ್ಲೂಕಿನ ಒಂದು ಶಾಲೆಯಲ್ಲಿ, ಮಕ್ಕಳಿಗೆ ಬಡಿಸುವ ಮೊದಲು ಸೌಟಿನಲ್ಲಿ ಸಾರಿನ ರುಚಿ ನೋಡಿದ ಅಡುಗೆಯವಳನ್ನು ಊರಿನವನೊಬ್ಬ ಅದೇ ಸೌಟಿನಿಂದ ಹೊಡೆದ. ಸಾರನ್ನು ಗಟಾರಕ್ಕೆ ಸುರಿಸಿದ. ಅಡುಗೆಯವರು ರುಚಿ ನೋಡಿಯೇ ಬಡಿಸಬೇಕೆಂಬುದು ನಿಯಮ. ಅವಳು ಹುಟ್ಟಿದ ಕೇರಿ ಯಾವುದೆಂಬುದೇ ಹೊಡೆದವನ ಸಿಟ್ಟಿಗೆ ಕಾರಣ.

ಸುದ್ದಿ ಓದುತ್ತಲೇ ಮೂಗಿಗೆ ಒಣಮೆಣಸಿನಕಾಯಿಯ ಘಾಟು ಬಡಿಯಿತು. ಮಾನ್ವಿ ಕಡೆಯ ನಮ್ಮೂರಲ್ಲಿ ಗೌಡರ ಮನೆಯ ಮದುವೆಗೆ ಉಪ್ಪು ಹಾಕಿ ಖಾರ ಕುಟ್ಟುವುದು ನನ್ನ ಅವ್ವನ ಕೆಲಸವಾಗಿತ್ತು. ಹಿತ್ತಿಲಲ್ಲೇ ಕುಟ್ಟಬೇಕು, ಹೊಸ್ತಿಲು ದಾಟಬಾರದು. ಅವಳ ಕೈ ಮುಟ್ಟಿದ ಒಣ ಖಾರಕ್ಕೆ ಮೈಲಿಗೆ ಇರಲಿಲ್ಲ, ನಾಲಿಗೆಗೆ ಇತ್ತು. ಒಂದು ಸಲ ಅವ್ವ ಮರೆತು, ಚಿಟಿಕೆ ಖಾರ ಬಾಯಿಗೆ ಹಾಕಿಕೊಂಡಳು.

“ರುಚಿ ನೋಡ್ತೀಯೇನಬೇ? ತಡಿ, ನಾ ತೋರಸ್ತೀನಿ” ಎಂದು ಗೌಡರ ತಮ್ಮ ಒನಕೆ ಕಿತ್ತುಕೊಂಡು ಅವಳ ಬಾಯಿಗೆ ತಿವಿದ. ಎರಡು ಹಲ್ಲು ಖಾರದೊಳಗೆ ಬಿದ್ದವು.

ಮನೆಗೆ ಬಂದು ರಕ್ತ ಉಗುಳುತ್ತ ಅವ್ವ ಅಂದಳು: “ಉಪ್ಪು ಕಮ್ಮಿ ಇತ್ತು ಮಗಳ. ನಾ ಹೇಳಲಿಲ್ಲ. ಸಪ್ಪನ್ನ ಉಣ್ಲಿ.”

ಸವಿ, ಸ್ವಾದ, ಆನಂದ ಎಂದು ರುಚಿಗೆ ಎಷ್ಟೋ ಅರ್ಥಗಳನ್ನು ನಾನು ಆಮೇಲೆ ಪುಸ್ತಕಗಳಲ್ಲಿ ಓದಿದೆ. ಮೊದಲು ಕಲಿತ ಅರ್ಥ ಮಾತ್ರ ಏಟು.

ಈಗ ಆ ಅಡುಗೆಯವಳು ತುಟಿಗೆ ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿದ್ದಾಳೆ, ಹೊಡೆದವನು ಚಹಾದಂಗಡಿಯಲ್ಲಿ ಕೂತಿದ್ದಾನೆ. ನಿಯಮ ಬರೆದ ಅಧಿಕಾರಿಗಳು ಆ ಶಾಲೆಯ ಅಂಗಳಕ್ಕೆ ಬಂದು, ಮಕ್ಕಳೆದುರೇ ನಿಂತು ಹೇಳಲಿ: ನಾಳೆ ಸಾರಿನ ರುಚಿ ನೋಡುವವರು ಯಾರು?